ಗುಡಿಯ ಮುಂದೆ ಬಾರದ ದನಿ

2024ರ ನವೆಂಬರ್ 19, ಮಂಗಳವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ದಾವಣಗೆರೆ ಹಳೇ ಊರಿನ ಠಾಣೆಗೆ ಬಂದ ಹೆಂಗಸಿನ ದೂರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಹೆಡ್ ಕಾನ್‌ಸ್ಟೆಬಲ್ ಹಾಲಸ್ವಾಮಿಗೆ ತಿಳಿಯಲಿಲ್ಲ.

"ಗಂಡ ಕಾಣೆ ಆಗ್ಯಾನೆ ಅಂತ ಬರ್ಕಳ್ಳೇನಮ್ಮಾ?"

"ಕಾಣೆ ಆಗ್ಯಾರೆ ಅಂತ ಹೆಂಗೆ ಹೇಳ್ಲಿರಿ? ದಿನಾ ಅವರ ದನಿ ಬರ್ತೈತೆ. ಮನುಷ್ಯ ಮಾತ್ರ ಬರ್ತಿಲ್ಲ."

ಹಾಲಸ್ವಾಮಿ ಪೆನ್ನು ಕೆಳಗಿಟ್ಟು ಒಳಗೆ ಹೋಗಿ ಇನ್ಸ್‌ಪೆಕ್ಟರ್ ಕರಿಬಸವರಾಜನನ್ನು ಕರೆದ. ಇಂಥ ಗೊಂದಲದ ದೂರುಗಳೆಂದರೆ ಕರಿಬಸವರಾಜನಿಗೆ ಒಳಗೊಳಗೇ ಇಷ್ಟ. ಜಗಳ, ಕಳವು, ಕುಡಿತ ಕೇಳಿ ಕೇಳಿ ಅವನ ಕಿವಿ ಜಡ್ಡುಗಟ್ಟಿತ್ತು.

ಹೆಂಗಸಿನ ಹೆಸರು ನೇತ್ರಾವತಿ. ದುಗ್ಗಮ್ಮನ ಗುಡಿಯಿಂದ ನಾಲ್ಕು ಓಣಿ ಆಚೆ ಮನೆ. ರವಿಕೆ ಹೊಲಿಯುವ ಕೆಲಸ. ಗಂಡ ಅರುಣ್ ಕುಮಾರ್ ಹರಿಹರದಲ್ಲಿ ಬಕ್ಕೇಶಪ್ಪ ಎಂಬುವರ ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೆಲಸಗಾರ. ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಹೋದ ಸೋಮವಾರ, ಹನ್ನೊಂದನೇ ತಾರೀಕು, ಬೆಳಿಗ್ಗೆ ಹೋದವನು ಮನೆಗೆ ಬಂದಿಲ್ಲ.

"ವಾರದ ಮೇಲಾತಲ್ಲಮ್ಮಾ. ಇಷ್ಟು ದಿನ ಯಾಕ ಬರ್ಲಿಲ್ಲ?" ಎಂದು ಕರಿಬಸವರಾಜ ಕೇಳಿದ.

ನೇತ್ರಾವತಿ ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟು ಒತ್ತಿದಳು. ಗಂಡಸಿನ ದನಿಯೊಂದು ಬಂತು. ಅವಸರವಿಲ್ಲದ, ಸ್ವಲ್ಪ ನಿದ್ದೆಗಣ್ಣಿನ ದನಿ.

"ಹರಿಹರ ಮುಟ್ಟಿದೆ."

"ಇದು ಯಾವಾಗಿಂದು?"

"ಇವತ್ತಿಂದೇ ಸಾರ್. ಬೆಳಿಗ್ಗೆ ಒಂಬತ್ತಕ್ಕೆ ಬಂತು. ಹತ್ತಕ್ಕೆ ಬಕ್ಕೇಶಪ್ಪೋರು ಫೋನ್ ಮಾಡಿ, ಅರುಣ್ ಯಾಕ ಒಂದು ವಾರದಿಂದ ಕೆಲಸಕ್ಕೆ ಬಂದಿಲ್ಲ ಅಂತ ಕೇಳಿದ್ರು. ಹಂಗೇ ಎದ್ದು ಇಲ್ಲಿಗೆ ಬಂದೆ."

ಮಹಿಳಾ ಕಾನ್‌ಸ್ಟೆಬಲ್ ಆಶಾರಾಣಿ ಆ ಮೊಬೈಲನ್ನು ತಿರುವಿ ನೋಡಿ ವಿಷಯ ಬಿಡಿಸಿ ಹೇಳಿದಳು. 'ಬಂದೆ' ಎಂಬ ಒಂದು ಸೇವೆ. ದಾರಿಯಲ್ಲಿ ನಾಲ್ಕೈದು ಜಾಗ ಗುರುತು ಹಾಕಿ, ಒಂದೊಂದಕ್ಕೂ ತಮ್ಮ ದನಿಯಲ್ಲಿ ಒಂದೊಂದು ಮಾತು ತುಂಬಿಟ್ಟರೆ ಸಾಕು. ಮೊಬೈಲು ಆ ಜಾಗ ದಾಟಿದಾಗೆಲ್ಲ ಮಾತನ್ನು ತಾನೇ ಒಮ್ಮೆ ನುಡಿದು ಮನೆಯವರಿಗೆ ಕಳಿಸುತ್ತದೆ. ಅತ್ತ ಕಡೆಯವರು ಉತ್ತರ ಕೊಟ್ಟರೆ ಅದನ್ನೂ ತಾನೇ ನುಡಿಯುತ್ತದೆ. ಯಾರೂ ಬಟನ್ ಮುಟ್ಟಬೇಕಿಲ್ಲ.

"ಅವರ ಕೈಗೆ ಯಾವಾಗ್ಲೂ ಗ್ರೀಸು ಸಾರ್. ಅದಕ್ಕೇ ಇದನ್ನ ಹಾಕಿಸ್ಕೊಂಡಿದ್ರು," ಎಂದಳು ನೇತ್ರಾವತಿ. "ನಾಲ್ಕೇ ಮಾತು. ಬಸ್ ಹತ್ತಿದೆ. ಬಾತಿ ದಾಟಿದೆ. ಹರಿಹರ ಮುಟ್ಟಿದೆ. ಸಾಯಂಕಾಲ ಬರುವಾಗ ದಾರಿ ನಡುವಿನ ಬಾತಿ ಇನ್ನೊಂದ್ಸಲ, ಆಮೇಲೆ ಗುಡಿ ಮುಂದೆ ಬಂದ ಕೂಡ್ಲೇ 'ದುಗ್ಗಮ್ಮನ ಮುಂದೆ ಬಂದೆ, ನೀರು ಕಾಸು' ಅಂತ."

"ಹೋದ ಸೋಮವಾರ ಮನ್ಯಾಗ ಏನಾದ್ರೂ ಮಾತುಕತೆ ಆಗಿತ್ತೇನು?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಆಗಿತ್ತು. ಅವರು ಮಾತು ಕಮ್ಮಿ ಸಾರ್. ಮನೆಗೆ ಬಂದ್ರೆ ಉಂಡು ಮಲಗೋದು. ಅವತ್ತು ನಂಗೆ ತಲೆ ಕೆಟ್ಟು, ನಿಮಗಿಂತ ನಿಮ್ಮ ಫೋನೇ ಚಂದಾಗಿ ಮಾತಾಡ್ತೈತೆ, ನೀವ್ಯಾಕ ಬರ್ತೀರಿ, ಅದನ್ನೇ ಕಳಿಸ್ರಿ ಸಾಕು ಅಂದುಬಿಟ್ಟೆ."

ಅವಳೇ ಮುಂದುವರಿಸಿದಳು. ಸೋಮವಾರ ಸಂಜೆ ಯಾವ ದನಿಯೂ ಬಂದಿರಲಿಲ್ಲ. ಮಂಗಳವಾರ ಸಂಜೆ 'ಬಾತಿ ದಾಟಿದೆ' ಎಂದು ಬಂತು. ಬಾಗಿಲು ತೆರೆದು ಕೂತಳು. ಆಳು ಬರಲಿಲ್ಲ. ಹಿಂದೊಮ್ಮೆ ಮುನಿಸಿಕೊಂಡು ಎರಡು ದಿನ ಎಸ್.ಎಸ್. ಬಡಾವಣೆಯ ಗೆಳೆಯನ ರೂಮಿನಲ್ಲಿದ್ದು ಬಂದವನೇ ಆದ್ದರಿಂದ, ಈಗಲೂ ಹಾಗೇ ಇರಬೇಕು ಎಂದುಕೊಂಡಳು. ಫೋನ್ ಮಾಡಿದರೆ ಬಂದ್ ಇರುತ್ತಿತ್ತು, ಇಲ್ಲವೇ ಎತ್ತುತ್ತಿರಲಿಲ್ಲ. ಆದರೆ ಬೆಳಿಗ್ಗೆ ಸಂಜೆ ದನಿ ತಪ್ಪುತ್ತಿರಲಿಲ್ಲ. ಆ ದನಿಯನ್ನು ನಂಬಿಕೊಂಡು ದಿನ ಕಳೆದಳು, ಪಾಪ.

ಮಧ್ಯಾಹ್ನ ಹನ್ನೆರಡೂವರೆಗೆ ಮನುಷ್ಯ ಕಾಣೆಯಾದ ಪ್ರಕರಣವೆಂದು ಎಫ್.ಐ.ಆರ್. ದಾಖಲಾಯಿತು.

ಎರಡು ಗಂಟೆಗೆ ಕರಿಬಸವರಾಜ, ಹಾಲಸ್ವಾಮಿ ಹರಿಹರದಲ್ಲಿದ್ದರು. ಬಕ್ಕೇಶಪ್ಪ ಸುಟ್ಟ ತಂತಿಯ ವಾಸನೆಯ ನಡುವೆ ಕೂತು ಚಹಾ ತರಿಸಿದ.

"ಕೊನೇ ಸಲ ಯಾವಾಗ ನೋಡಿದ್ರಿ?"

"ಸೋಮಾರ ಮಧ್ಯಾಹ್ನ ಸಾರ್. ಒಂದು ಹೊರಗಿನ ಕೆಲಸ ಐತೆ, ಹೋಗ್ತೀನಿ ಅಂದ."

"ಎಲ್ಲಿಗೆ?"

"ಕೇಳ್ಲಿಲ್ಲ. ಅವನು ಹೇಳೋನೂ ಅಲ್ಲ. ಪೇಟೆ ತುಂಬ ಅವನಿಗೆ ಗುರುತಿನೋರು. ಪಂಪ್ ಕೆಟ್ರೆ ಅವನನ್ನೇ ಕರೀತಾರೆ."

ಎಸ್.ಎಸ್. ಬಡಾವಣೆಯ ಗೆಳೆಯ ಅರುಣನನ್ನು ನೋಡಿ ತಿಂಗಳಾಗಿತ್ತು. ಬಸ್ ನಿಲ್ದಾಣದಲ್ಲಿ ಫೋಟೋ ತೋರಿಸಿದರು. ಕಂಡಕ್ಟರುಗಳು ಗುರುತು ಹಿಡಿದರು, ಆದರೆ ಈಚೆಗೆ ಕಂಡಿಲ್ಲವೆಂದರು. ಬೆಳಿಗ್ಗೆ ಈ ನಿಲ್ದಾಣದಲ್ಲೇ ಅವನ ದನಿ 'ಮುಟ್ಟಿದೆ' ಎಂದಿತ್ತು. ಇಷ್ಟು ಜನರ ನಡುವೆ ಒಂದು ದನಿ ಬಂದು ಇಳಿದು ಹೋಗಿದೆ, ಯಾರ ಕಣ್ಣಿಗೂ ಬಿದ್ದಿಲ್ಲ. ಕರಿಬಸವರಾಜನಿಗೆ ಮೈ ಜುಮ್ಮೆಂದಿತು. ಪೊಲೀಸರಿಗೆ ಹಾಗೆಲ್ಲ ಆಗಬಾರದು, ಆದರೂ ಆಯಿತು.

ಮೊಬೈಲ್ ಕಂಪನಿಗೂ, ಆ ಸೇವೆ ನಡೆಸುವವರಿಗೂ ನೋಟಿಸು ಹೋಯಿತು.

ಸಂಜೆ ಆರೂವರೆಗೆ ಕರಿಬಸವರಾಜ, ಆಶಾರಾಣಿ ನೇತ್ರಾವತಿಯ ಮನೆಯಲ್ಲಿದ್ದರು. ಹೊಲಿಗೆ ಯಂತ್ರದ ಪಕ್ಕ ಮೊಬೈಲು. ಓಣಿಯಲ್ಲಿ ಮಂಡಕ್ಕಿ ಒಗ್ಗರಣೆಯ ವಾಸನೆ. ಆರೂ ನಲವತ್ತಕ್ಕೆ ಮೊಬೈಲು ಬೆಳಗಿತು.

"ಬಾತಿ ದಾಟಿದೆ."

ನೇತ್ರಾವತಿ ಇನ್ಸ್‌ಪೆಕ್ಟರ್ ಮುಖ ನೋಡಿದಳು. "ದಿನಾ ಏನಂತ ಉತ್ತರ ಕೊಡ್ತೀರಿ?" ಎಂದು ಅವನು ಕೇಳಿದ.

"ಮೊದ್ಲು, ರಾತ್ರಿ ಎಲ್ಲಿದ್ರಿ, ಅನ್ನ ಹಂಗೇ ಉಳೀತು ಅಂದಿದ್ದೆ. ಆಮೇಲೆ ದಿನಾ ಒಂದೊಂದು. ಔಷಧ ತಗೊಂಡ್ರಾ ಅಂತ. ಶುಕ್ರವಾರ, ಸಾಕು ಬರ್ರಿ, ನಾ ಅಂದಿದ್ದು ತಪ್ಪಾತು ಅಂದೆ." ಅವಳು ಮೊಬೈಲನ್ನು ಪಕ್ಕಕ್ಕೆ ಸರಿಸಿದಳು. "ಒಂದಕ್ಕೂ ತಿರುಗಿ ಮಾತಿಲ್ಲ."

ಅವತ್ತೂ ಬಾತಿಯ ನಂತರ ಮೊಬೈಲು ಸುಮ್ಮನಾಯಿತು. ಗುಡಿಯ ಮುಂದಿನ ಮಾತು ಬರಲಿಲ್ಲ.

ಏಳೂಕಾಲಕ್ಕೆ ಮೂವತ್ತರ ಆಸುಪಾಸಿನ ಒಬ್ಬ ಹೊಸ್ತಿಲಾಚೆ ನಿಂತು ಕರೆದ. "ಅತ್ತಿಗೆ, ಏನಾದ್ರೂ ಗೊತ್ತಾತಾ?"

"ನಮ್ಮನೆಯವರ ಚಿಕ್ಕಪ್ಪನ ಮಗ ಸಾರ್, ಪರಶುರಾಮ್," ಎಂದಳು ನೇತ್ರಾವತಿ. "ಮಗ್ಗಲ ಓಣ್ಯಾಗ ಮನೆ. ಹರಿಹರದ ಹೊಳೆ ದಂಡ್ಯಾಗ ಇಟ್ಟಿಗೆ ಭಟ್ಟಿ ಇಟ್ಟಾನೆ. ಒಳಗೆ ಬಾರೋ ಪರಸು, ಚಾ ಕುಡಿ."

"ಬ್ಯಾಡ ಅತ್ತಿಗೆ. ಕೆಲಸ ಐತೆ." ಅವನ ಮುಖ ನಿದ್ದೆಗೆಟ್ಟು ಬಾಡಿತ್ತು. ಅಣ್ಣ ಕಾಣದಿದ್ದರೆ ಯಾರ ಮುಖ ತಾನೇ ಅರಳಿರುತ್ತದೆ? ಕರಿಬಸವರಾಜ ಅವನನ್ನು ಎರಡು ಪ್ರಶ್ನೆ ಕೇಳಿ ಬಿಟ್ಟ. ನಾನು ನೋಡಿಲ್ಲ ಸಾರ್, ನಂಗೂ ಫೋನ್ ಎತ್ತಿಲ್ಲ ಎಂದು ಹೇಳಿ ಅವನು ಹೋದ.

ಮರುದಿನ, ಇಪ್ಪತ್ತನೇ ತಾರೀಕು ಬುಧವಾರ, ಮಧ್ಯಾಹ್ನ ಮೂರಕ್ಕೆ ಉತ್ತರ ಬಂತು. ಮೊಬೈಲು ಬೆಳಿಗ್ಗೆ ಹಳೇ ಊರಿನ ಬಸ್ ನಿಲುಗಡೆಯಲ್ಲಿ ಚಾಲೂ ಆಗುತ್ತದೆ, ಹರಿಹರ ನಿಲ್ದಾಣದಲ್ಲಿ ಬಂದ್ ಆಗುತ್ತದೆ. ಸಂಜೆ ಅಲ್ಲೇ ಚಾಲೂ ಆಗಿ, ಬಾತಿ ದಾಟಿ, ದಾವಣಗೆರೆಗೆ ಬಂದು ಹಳೇ ಊರಿನಲ್ಲಿ ಬಂದ್ ಆಗುತ್ತದೆ. ಯಾರೋ ಅದನ್ನು ಕರೆದುಕೊಂಡು ಓಡಾಡುತ್ತಿದ್ದಾರೆ.

"ಕದ್ದೋನು ಸಿಮ್ಮು ಬಿಸಾಕ್ತಾನೆ ಸಾರ್," ಎಂದ ಹಾಲಸ್ವಾಮಿ. "ಇವನು ನೋಡಿದ್ರೆ ದಿನಾ ಚಾರ್ಜ್ ಮಾಡ್ಕೊಂಡು ತಿರುಗಿಸ್ತಾನೆ. ಇದೆಂಥ ಕಳ್ಳ?"

ಕರಿಬಸವರಾಜ ನೇತ್ರಾವತಿಯನ್ನು ಕರೆಸಿದ. ಬಿಳಿ ಹಾಳೆಯ ಮೇಲೆ ಹಳೇ ಊರಿನ ದಾರಿ ಗೀಚಿದ. "ಇಲ್ಲಿ ನೋಡ್ರಿ. ಬಸ್ ಇಳಿದ ಮೇಲೆ ಮೊಬೈಲು ಗುಡಿ ಕಡೆಗೇ ಬರ್ತೈತೆ. ಗುಡಿಗೆ ಒಂದು ಓಣಿ ಇದೆ ಅನ್ನುವಾಗ ಎಡಕ್ಕೆ ತಿರುಗಿ, ಹಿಂದಿನ ಸಂದಿಯಿಂದ ಸುತ್ತು ಹಾಕಿ ಈ ಕಡೆ ಬರ್ತೈತೆ. ದಿನಾ ಹಿಂಗೇ. ಅದಕ್ಕೇ ಗುಡಿ ಮುಂದಿನ ಮಾತು ನಿಮಗೆ ಬರ್ತಿಲ್ಲ. ನೆಟ್ಟಗಿನ ದಾರಿ ಬಿಟ್ಟು ಯಾರಾದ್ರೂ ಆ ಗಲೀಜು ಸಂದಿಯಾಗ ಯಾಕ ಹೋಗ್ತಾರೆ?"

ನೇತ್ರಾವತಿ ಹಾಳೆಯ ಮೇಲೆ ಬಗ್ಗಿದಳು. ಅಲ್ಲೇ ಹುಟ್ಟಿ ಬೆಳೆದವಳಿಗೆ ಹೇಳಿಕೊಡಬೇಕೇ? "ನಮ್ಮ ಓಣಿಯೋರು ಹೋಗ್ತಾರೆ ಸಾರ್," ಎಂದಳು, ಸಹಜವಾಗಿ. "ಸೂತಕ ಇದ್ದಾಗ ಅಮ್ಮನ ಎದುರಿಗೆ ಹಾಯಬಾರ್ದು. ಹನ್ನೊಂದು ದಿನ ಹಿಂದಿನ ಸಂದಿಯಿಂದಾನೇ ತಿರುಗಾಡೋದು. ನಮ್ಮತ್ತೆ ತೀರ್ಕೊಂಡಾಗ ನಾವೆಲ್ಲ ಹಂಗೇ..."

ಅಲ್ಲಿಗೆ ನಿಂತಳು.

ಕರಿಬಸವರಾಜನಿಗೆ ಇದು ತಟ್ಟನೆ ಹೊಳೆಯುವಂಥದ್ದಲ್ಲ. ಅವನದು ಲಿಂಗವಂತರ ಮನೆ, ಸೂತಕ ಎಂಬುದಿಲ್ಲ. ಅವನ ಅಪ್ಪ ಲಿಂಗೈಕ್ಯರಾದ ದಿನ ಸಂಜೆಯೇ ಮನೆಯಲ್ಲಿ ಎಂದಿನಂತೆ ಪೂಜೆ ನಡೆದಿತ್ತು. ಆದ್ದರಿಂದ ಅವನು ಏನೂ ಅರಿಯದೆ ಕೇಳಿಬಿಟ್ಟ. "ಸೂತಕ ಯಾರ್ಯಾರಿಗೆ ಬರ್ತೈತೆ?"

"ದಾಯಾದಿಗಳಿಗೆ."

"ನಿಮ್ಮ ದಾಯಾದಿಗಳ ಪೈಕಿ ಈಚೆಗೆ ಯಾರು ತೀರ್ಕೊಂಡ್ರು?"

"ಯಾರೂ ಸತ್ತಿಲ್ಲ ಸಾರ್," ಎಂದಳು ನೇತ್ರಾವತಿ. ಮತ್ತೆ, ಬಹಳ ಮೆತ್ತಗೆ, "ನಮ್ಮ ಕಡೆ ಯಾರೂ ಸತ್ತಿಲ್ಲ," ಎಂದಳು.

ಆ ಮೊಬೈಲು ಹಿಡಿದವನು ಯಾರ ಸೂತಕ ಕಾಯುತ್ತಿದ್ದಾನೆಂದು ಆಗ ಎಲ್ಲರಿಗೂ ಗೊತ್ತಾಯಿತು. ಆಶಾರಾಣಿ ಓಡಿಬಂದು ಅವಳ ಭುಜ ಹಿಡಿದುಕೊಂಡಳು. ನೇತ್ರಾವತಿ ಅಳಲಿಲ್ಲ. ಹಾಳೆಯ ಮೇಲಿನ ಆ ಸಂದಿಯ ಗೆರೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಕರಿಬಸವರಾಜನಿಗೆ ತನ್ನ ಬಾಯಿಯನ್ನೇ ಹೊಲಿದುಕೊಳ್ಳಬೇಕು ಅನ್ನಿಸಿತು.

ಕೊನೆಗೆ ಅವಳೇ ಹೇಳಿದಳು. "ಪರಸು ದಿನಾ ಹರಿಹರಕ್ಕೆ ಹೋಗಿ ಬರ್ತಾನೆ ಸಾರ್. ನಿನ್ನೆ ನಮ್ಮ ಹೊಸ್ತಿಲು ದಾಟ್ಲಿಲ್ಲ."

ಅನುಮಾನವೇನೋ ಆಯಿತು, ಆದರೆ ಅನುಮಾನದ ಮೇಲೆ ಕೈ ಹಾಕುವ ಹಾಗಿರಲಿಲ್ಲ. ಮೊಬೈಲು ಅವನ ಮೈಮೇಲೇ ಸಿಗಬೇಕು. ಕರಿಬಸವರಾಜ ಗಡಿಯಾರ ನೋಡಿದ. ನಾಲ್ಕೂ ಹತ್ತು.

"ನೇತ್ರಾವತಿಯೋರೇ, ಒಂದು ಉಪಕಾರ ಆಗ್ಬೇಕು. ಸಾಯಂಕಾಲ ಬಾತಿಯ ಮಾತು ಬಂದ ಕೂಡ್ಲೇ ನೀವು ದಿನದ ಹಂಗೇ ಉತ್ತರ ಕೊಡ್ಬೇಕು. ಆಗುತ್ತೇನು?"

"ಸತ್ತೋರಿಗೆ?"

ಅವನು ಗೀಚಿದ ಹಾಳೆಯನ್ನು ಮಡಿಸಿದ.

"ಕೊಡ್ತೀನಿ," ಎಂದಳು ಅವಳು.

ಸಂಜೆ ಆರೂ ಐದಕ್ಕೆ ಹರಿಹರದಿಂದ ಹೊರಟ ಬಸ್ಸಿನಲ್ಲಿ ಕರಿಬಸವರಾಜ, ಹಾಲಸ್ವಾಮಿ ಇಬ್ಬರೂ ಮಫ್ತಿಯಲ್ಲಿದ್ದರು. ಹಾಲಸ್ವಾಮಿ ಮುಂದಿನ ಬಾಗಿಲ ಹತ್ತಿರ ಬುಟ್ಟಿ ಹಿಡಿದು ನಿಂತಿದ್ದ. ಪೊಲೀಸನ ಮೀಸೆ ಬುಟ್ಟಿಯಿಂದ ಮುಚ್ಚುವುದಿಲ್ಲ, ಆದರೂ ಅವನಿಗೊಂದು ಸಮಾಧಾನ. ಪರಶುರಾಮ್ ನಡುವಿನ ಕಿಟಕಿಯ ಸೀಟಿನಲ್ಲಿದ್ದ. ಅವನ ಹಿಂದಿನ ಸೀಟು ಕರಿಬಸವರಾಜನದು.

ಹೊಳೆ ಹಿಂದೆ ಉಳಿಯಿತು. ಗದ್ದೆಗಳ ಮೇಲೆ ಮಂಜು ಇಳಿಯತೊಡಗಿತ್ತು. ಬಸ್ಸಿನೊಳಗೆ ದೀಪ ಹಾಕಿರಲಿಲ್ಲ. ಶಾಲೆಯ ಮೇಷ್ಟ್ರು, ಸೊಪ್ಪು ಮಾರುವವರು, ಕಾರ್ಖಾನೆ ಪಾಳಿ ಮುಗಿಸಿದವರು ಎಲ್ಲರೂ ತೂಗಿ ತೂಗಿ ಅರೆನಿದ್ದೆಯಲ್ಲಿದ್ದರು. ಕರಿಬಸವರಾಜನಿಗೂ ಇದೆಲ್ಲ ತಾನು ಕಾಣುತ್ತಿರುವ ಕನಸೇನೋ, ಎಚ್ಚರವಾದರೆ ಅರುಣ್ ಕುಮಾರ್ ಪಕ್ಕದಲ್ಲೇ ಗ್ರೀಸು ಕೈ ಇಟ್ಟುಕೊಂಡು ಕೂತಿರುತ್ತಾನೇನೋ ಅನ್ನಿಸಿತು. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಬಾತಿ ಗುಡ್ಡ ಮಸುಕಾಗಿ ಕಂಡಿತು. ಪರಶುರಾಮ್ ಒಳಜೇಬಿನಿಂದ ಒಂದು ಮೊಬೈಲು ತೆಗೆದು ಕಿವಿಗೆ ಒತ್ತಿ ಹಿಡಿದ. ಕರೆ ಬಂದಿರಲಿಲ್ಲ, ಅವನು ಯಾರಿಗೂ ಮಾಡಲೂ ಇಲ್ಲ. ಸುಮ್ಮನೆ ಕಣ್ಣು ಮುಚ್ಚಿ ಕಾಯುತ್ತಿದ್ದ.

"ಬಾತಿ ದಾಟಿದೆ," ಎಂದಿತು ಅರುಣ್ ಕುಮಾರನ ದನಿ, ಸಣ್ಣಗೆ.

ಬಸ್ಸು ಕೆರೆಯ ಪಕ್ಕ ಹಾಯಿತು. ನೀರಿನ ಮೇಲೆ ಆಕಾಶದ ಕೊನೆಯ ಕೆಂಪು ಇತ್ತು. ಉತ್ತರ ಬರುತ್ತದೋ ಇಲ್ಲವೋ ಎಂದು ಕರಿಬಸವರಾಜ ಕಿವಿಗೊಟ್ಟು ಮುಂದೆ ಬಾಗಿದ. ಅವಳಿಂದ ಆಗಲಿಕ್ಕಿಲ್ಲ, ಆಗದಿದ್ದರೂ ತಪ್ಪಿಲ್ಲ ಎಂದುಕೊಳ್ಳುವಷ್ಟರಲ್ಲಿ ಹೆಂಗಸಿನ ದನಿ ಬಂತು.

"ನೀರು ಕಾಸಿಟ್ಟಿದೀನಿ. ಬರ್ರಿ."

ಪರಶುರಾಮನ ಹೆಗಲು ಅಲುಗತೊಡಗಿದವು. ಕರಿಬಸವರಾಜ ಎದ್ದು ಹೋಗಿ ಅವನ ಪಕ್ಕ ಕೂತು, ಮೊಬೈಲು ಹಿಡಿದ ಕೈಯ ಮೇಲೆ ಕೈಯಿಟ್ಟ. ಅವನು ಬೆಚ್ಚಲಿಲ್ಲ, ಕೊಸರಲಿಲ್ಲ.

"ಅರುಣ ಎಲ್ಲಿ?"

"ಭಟ್ಟಿ ಹತ್ರ ಸಾರ್. ಮಣ್ಣು ತೆಗೆದ ಗುಂಡ್ಯಾಗ."

"ಯಾರು ಹೂತಿದ್ದು?"

"ನಾನೇ." ಮೊಬೈಲನ್ನು ಅವನ ಕೈಗೆ ಬಿಟ್ಟು, "ಸ್ಟೇಷನ್ನಿಗೆ ಹೋಗುವಾಗ ಗುಡಿ ಮುಂದೆ ಬ್ಯಾಡ ಸಾರ್," ಎಂದ.

ಸಂಜೆ ಏಳೂ ಇಪ್ಪತ್ತಕ್ಕೆ ಬಂಧನ ದಾಖಲಾಯಿತು. ಬಸ್ ನಿಲುಗಡೆಯಲ್ಲಿ ಕಾಯುತ್ತಿದ್ದ ಜೀಪು ಹಿಂದಿನ ಸಂದಿಯಿಂದಲೇ ಬಂದಿತ್ತು. ಹಾಲಸ್ವಾಮಿ ಹಾಗೆ ಓಡಿಸಿದ, ಕರಿಬಸವರಾಜ ಬೇಡ ಅನ್ನಲಿಲ್ಲ.

ಗುರುವಾರ ಬೆಳಿಗ್ಗೆ ತಹಶೀಲ್ದಾರರ ಎದುರು ಗುಂಡಿ ತೆಗೆಸಿ ಪಂಚನಾಮೆ ಮಾಡಲಾಯಿತು. ಹೆಣವನ್ನು ಹೊಸ ಪಂಚೆಯಲ್ಲಿ ಸುತ್ತಲಾಗಿತ್ತು, ತಲೆಯ ಕೆಳಗೆ ಮಡಿಸಿದ ಟವೆಲು. ಬಲಗೈ ಬೆರಳು ಕರಕಲಾಗಿದ್ದವು. ಕರೆಂಟು ಹೊಡೆದು ಸತ್ತದ್ದೆಂದು ವೈದ್ಯರು ಹೇಳಿದರು.

ಮಧ್ಯಾಹ್ನ ಪರಶುರಾಮ್ ಹೇಳಿಕೆ ಕೊಟ್ಟ. ಸೋಮವಾರ ಹೊಳೆಗೆ ಇಳಿಸಿದ ಪಂಪು ಕೆಟ್ಟಿತ್ತು. ಅಣ್ಣನನ್ನು ಕರೆದ. ಭಟ್ಟಿಯ ಈ ವರ್ಷದ ಕೆಲಸ ಶುರುವಾಗದೆ ಕೆಲಸದಾಳುಗಳು ಇನ್ನೂ ಬಂದಿರಲಿಲ್ಲ, ಇಬ್ಬರೇ. ಅರುಣ್ ಮೊಣಕಾಲುದ್ದ ನೀರಿನಲ್ಲಿ ನಿಂತು ತಂತಿ ಜೋಡಿಸುತ್ತಿದ್ದ. ಮೇಲಿನ ಶೆಡ್ಡಿನಿಂದ ಪರಶುರಾಮ್ "ಆತೇನಣ್ಣ?" ಎಂದು ಕೂಗಿದ. "ಹ್ಞೂಂ" ಎಂದ ಹಾಗೆ ಕೇಳಿತು. ಸ್ಟಾರ್ಟರ್ ಒತ್ತಿದ.

"ನಿಜವಾಗ್ಲೂ ಹ್ಞೂಂ ಅಂದ್ನೇನು?"

"ಗೊತ್ತಿಲ್ಲ ಸಾರ್. ಅಂದ ಅಂತಾನೇ ಅಂದ್ಕೊಂಡೀನಿ."

"ಆಸ್ಪತ್ರೆಗೆ ಯಾಕ ಒಯ್ಲಿಲ್ಲ?"

"ಆಗ್ಲೇ ಹೋಗಿದ್ದ. ಕರೆಂಟು ಕಂಬದಿಂದ ಕದ್ದು ಎಳೆದಿದ್ದೆ. ಜೈಲು ಗ್ಯಾರಂಟಿ ಅಂತ ಹೆದರಿಕಿ. ಬೇಕಂತ್ಲೇ ಸಾಯಿಸ್ದೆ ಅಂತಾರೇನೋ ಅಂತ ಇನ್ನೂ ಹೆದರಿಕಿ."

"ಫೋನ್ ಯಾಕ ತಿರುಗಿಸ್ದೆ?"

"ಮಂಗಳವಾರ ಬಾತಿ ಕೆರಿಗೆ ಬಿಸಾಕ್ಬೇಕು ಅಂತಾನೇ ತಂದಿದ್ದೆ. ಅದು ನೀರಿಗೆ ಬೀಳ್ತಾ ಏನಾದ್ರೂ ಮಾತಾಡ್ತೈತೇನೋ ಅಂತ ಬಂದ್ ಮಾಡೋಕೆ ತೆಗೆದೆ. ಅಷ್ಟರಾಗೆ ಅಣ್ಣ ಮಾತಾಡ್ದ. ಹಿಂದೇನೇ ಅತ್ತಿಗೆ, ರಾತ್ರಿ ಎಲ್ಲಿದ್ರಿ, ಅನ್ನ ಹಂಗೇ ಉಳೀತು ಅಂದ್ರು. ಕೈ ಬರ್ಲಿಲ್ಲ ಸಾರ್. ಇದು ನಿಂತ್ರೆ ಅವರಿಗೆ ಗೊತ್ತಾಗ್ತೈತೆ. ಗೊತ್ತಾಗೋದು ಒಂದು ದಿನ ತಡ ಆಗ್ಲಿ ಅಂದ್ಕೊಂಡೆ. ಮರುದಿನಾನೂ ಹಂಗೇ. ಆಮೇಲೆ ಭಯ ಅಲ್ಲ ಸಾರ್. ಆ ಬಸ್ಸಿನಾಗೆ ಕೂತಿರೋಷ್ಟು ಹೊತ್ತು ಅಣ್ಣ ಅದಾನೆ ಅಂತ ನಂಗೂ ಅನಿಸ್ತಿತ್ತು."

ಅಜಾಗರೂಕತೆಯಿಂದ ಸಾವು, ಸಾಕ್ಷ್ಯ ನಾಶ ಎಂಬ ಎರಡು ಕಲಮುಗಳು ಸೇರಿದವು. ಕನಿಕರಕ್ಕೆ ಕಲಮಿಲ್ಲ. ಕರಿಬಸವರಾಜ ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ಆರೋಪಿಗೆ ತಾನೇ ನೀರು ತಂದುಕೊಟ್ಟ.

ನಾಲ್ಕು ಗಂಟೆಗೆ ನೇತ್ರಾವತಿ ಬಂದಳು. ಹೆಣ ಗುರುತಿಸಿದ ಕಾಗದಕ್ಕೆ ಸಹಿ ಹಾಕಿ, ಪರಸುನ ಜೊತೆ ಒಂದು ಮಾತಾಡಬೇಕು ಅಂದಳು. ಅವನು ಅವಳನ್ನು ಕಂಡು ಎದ್ದು ನಿಂತು ಗೋಡೆಗೆ ಒರಗಿದ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಆಶಾರಾಣಿ ಹತ್ತಿರವೇ ನಿಂತಿದ್ದಳು.

"ಇಷ್ಟು ದಿನ ನಾ ಆಡಿದ ಮಾತೆಲ್ಲ ನೀನು ಕೇಳಿಸ್ಕೊಂಡ್ಯೇನೋ?"

ಅವನು ಹೌದೆಂದು ತಲೆಯಾಡಿಸಿದ.

"ತಪ್ಪಾತು ಅಂದಿದ್ದೂ?"

"ಹ್ಞೂಂ ಅತ್ತಿಗೆ."

"ಹಂಗಾರೆ ನಾ ಸಿಟ್ಟು ಬಿಟ್ಟಿದ್ದು ಅವ್ರಿಗೆ ಗೊತ್ತೇ ಆಗ್ಲಿಲ್ಲ," ಎಂದಳು ನೇತ್ರಾವತಿ. "ಸಿಟ್ಟಿನಾಗೇ ಹೋಗ್ಬಿಟ್ರು." ಆಗ ಅವಳಿಗೆ ಅಳು ಬಂತು. ನಿಂತಲ್ಲೇ ಅತ್ತಳು, ಮುಖ ಮುಚ್ಚಿಕೊಳ್ಳದೆ.

"ಇಲ್ಲ ಅತ್ತಿಗೆ," ಎಂದ ಪರಶುರಾಮ್. "ಅವತ್ತು ಅಣ್ಣ ಸಿಟ್ಟಿನಾಗೆ ಇರ್ಲಿಲ್ಲ. ಬೆಳಿಗ್ಗೆಯಿಂದ ನೇತ್ರಂದೇ ಧ್ಯಾನ ಆಗೈತೆ ಕಣೋ, ಅಕಿ ಹೇಳಿದ್ದು ಸರಿ ಐತೆ, ಇವತ್ತು ಮನೆಗೆ ಹೋಗಿ ಬಾಯ್ಬಿಟ್ಟು ಮಾತಾಡ್ತೀನಿ ಅಂದ. ಅದಕ್ಕೇ ಬೇಗ ಮುಗಿಸ್ಬೇಕು ಅಂತ ಅವಸರ ಮಾಡ್ದ."

ಕರಿಬಸವರಾಜ ಅವನನ್ನೇ ನೋಡಿದ. ಎರಡು ಗಂಟೆ ವಿಚಾರಣೆ ಮಾಡಿದಾಗ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ. ಮರೆತಿದ್ದನೋ, ಈಗ ಹುಟ್ಟಿಸಿಕೊಂಡು ಹೇಳಿದನೋ, ಅದನ್ನು ತಿಳಿಯುವ ದಾರಿ ಯಾವ ಪೊಲೀಸನಿಗೂ ಇಲ್ಲ.

ನೇತ್ರಾವತಿ ಕಣ್ಣೊರೆಸಿಕೊಂಡು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಸಾರ್, ಇದನ್ನ ಬರ್ಕೊಂಡ್ರಾ?"

ಮುಗಿಸಿ ಮಡಿಸಿಟ್ಟಿದ್ದ ಹೇಳಿಕೆಯನ್ನು ಕರಿಬಸವರಾಜ ಮತ್ತೆ ಬಿಚ್ಚಿದ. ಕೊನೆಯ ಸಾಲಿನ ಕೆಳಗೆ, ಪರಶುರಾಮ್ ಹೇಳಿದ ಹಾಗೆಯೇ, ಒಂದು ಅಕ್ಷರ ಬಿಡದೆ ಬರೆದ. ಆಶಾರಾಣಿ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು.

"ಇನ್ನೊಂದ್ಸಲ ಓದ್ರಿ," ಎಂದಳು ನೇತ್ರಾವತಿ.

ಆಶಾರಾಣಿ ಇನ್ನೊಂದು ಸಲ ಓದಿದಳು.